ಕತೆ ತಿಳಿದುಕೊಂಡು ಹೋಗಿ, ಹಾಡು ಕೇಳಿಕೊಂಡು ಹೋಗಬೇಡಿ

ಪ್ರಶ್ನೆ: ನಾವು ಹುಬ್ಬಳ್ಳಿಯ ನವನಗರದವರು. ಮುಂದಿನ ಭಾನುವಾರ ಸಂಜೆ ಧಾರವಾಡದ ಸೃಜನಾ ರಂಗಮಂದಿರದಲ್ಲಿ ಹವ್ಯಾಸಿ ತಂಡವೊಂದು ಜರ್ಮನ್ ನಾಟಕಕಾರ ಬ್ರೆಕ್ಟ್‌ನ ‘ಮೂರು ಕಾಸಿನ ಸಂಗೀತ ನಾಟಕ’ವನ್ನು ಕನ್ನಡದಲ್ಲಿ ಆಡುತ್ತಿದೆ. ಗೆಳೆಯರ ಒತ್ತಾಯಕ್ಕೆ ಮೂರು ಟಿಕೆಟ್ ತೆಗೆದುಕೊಂಡಿದ್ದೇನೆ. ನಮ್ಮ ಅವ್ವನಿಗೆ 74 ವರ್ಷ, ಕಂಪನಿ ನಾಟಕ ನೋಡಿ ಬೆಳೆದವರು. ಮಗ ಒಂಬತ್ತನೆಯ ತರಗತಿ. ನನಗೆ ಈ ನಾಟಕದ ಹೆಸರೇ ಹೊಸದು. ಕತೆಯನ್ನು ಮೊದಲೇ ಓದಿಕೊಳ್ಳಬೇಕೇ? ಹಾಡುಗಳನ್ನು ಯೂಟ್ಯೂಬ್‌ನಲ್ಲಿ ಕೇಳಿಕೊಂಡು ಹೋಗಲೇ? ಪರದೇಶದ ನಾಟಕ ಅವ್ವನಿಗೆ ಹಿಡಿಸೀತೇ? ಏನೂ ತಿಳಿಯದೆ ಮೂರು ತಾಸು ಕುಳಿತು ಬರುವಂತಾದರೆ ಎಂಬ ಅಳುಕು ನನಗೆ.

ಉತ್ತರ: ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೆ ಒಂದೊಂದೇ ಮಾತಿನ ಉತ್ತರವಿದೆ. ಕತೆಯನ್ನು ಕೊನೆಯ ದೃಶ್ಯದವರೆಗೂ ತಿಳಿದುಕೊಂಡು ಹೋಗಿ. ಹಾಡುಗಳಲ್ಲಿ ಒಂದನ್ನೂ ಕೇಳಿಕೊಂಡು ಹೋಗಬೇಡಿ. ಈಗಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಕತೆ ಗೊತ್ತಾದರೆ ರುಚಿ ಕೆಡುತ್ತದೆ ಎಂದು ಕಿವಿ ಮುಚ್ಚಿಕೊಳ್ಳುತ್ತಾರೆ, ಹಾಡುಗಳನ್ನು ಮಾತ್ರ ಮೊಬೈಲ್‌ನಲ್ಲಿ ಬಾಯಿಪಾಠವಾಗುವಷ್ಟು ಕೇಳಿ ಬಂದು ಕೂರುತ್ತಾರೆ. ನಾನು ಬಹಳ ವರ್ಷ ರಂಗದ ಪಕ್ಕದ ವಿಂಗಿನ ಮಗ್ಗುಲಲ್ಲಿ ಕುಳಿತು ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವನು. ಅಲ್ಲಿ ಕುಳಿತವನಿಗೆ ರಂಗ ಅರ್ಧ ಕಾಣುತ್ತದೆ, ಪ್ರೇಕ್ಷಕರ ಮುಖ ಪೂರ್ತಿ ಕಾಣುತ್ತದೆ. ಯಾರು ಯಾರ ಮಗಳು, ಯಾರಿಗೆ ಯಾರ ಮೇಲೆ ಸಿಟ್ಟು ಎಂದು ಹುಡುಕಾಡುತ್ತಿರುವ ಮುಖಕ್ಕೆ ಹಾಡು ತಾಕುವುದೇ ಇಲ್ಲ.

ನಮ್ಮ ಸೀಮೆಯಲ್ಲಿ ಕತೆ ಗೊತ್ತಿಲ್ಲದೆ ನಾಟಕಕ್ಕೆ ಹೋದವರು ಹಿಂದೆ ಯಾರಿದ್ದರು ಹೇಳಿ. ಶಾಂತಕವಿ ಎಂಬ ಹೆಸರಿನಿಂದ ಬರೆಯುತ್ತಿದ್ದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲಿ ಗದುಗಿನಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿ ‘ಉಷಾಹರಣ’ ಆಡಿಸಿದರು. ಆಗ ಇಲ್ಲೆಲ್ಲ ಮರಾಠಿ ನಾಟಕಗಳದೇ ಭರಾಟೆ. ಉಷೆ ಕನಸಿನಲ್ಲಿ ಅನಿರುದ್ಧನನ್ನು ಕಂಡದ್ದು, ಚಿತ್ರಲೇಖೆ ಚಿತ್ರ ಬರೆದು ಗುರುತು ಹಿಡಿಸಿದ್ದು, ಬಾಣಾಸುರನ ಸಿಟ್ಟು, ಇವೆಲ್ಲ ನೆಲದ ಮೇಲೆ ಕುಳಿತವರಿಗೂ ಗೊತ್ತಿದ್ದ ಸಂಗತಿ. ಅವರು ಬಂದದ್ದು ಮುಂದೇನಾಯಿತು ಎಂದು ತಿಳಿಯಲಿಕ್ಕಲ್ಲ. ಈ ಉಷೆ ಆ ಕನಸನ್ನು ಹೇಗೆ ಹಾಡುತ್ತಾಳೆ ಎಂದು ಕೇಳಲು ಬಂದರು. ದೊಡ್ಡಾಟದಲ್ಲಂತೂ ರಾಜನೇ ಬಂದು ನಿಂತರೂ ಸೂತ್ರಧಾರನ ಹಾಗಿರುವ ಸಾರಥಿ ಬಿಡುವುದಿಲ್ಲ: ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು? ರಾಜ ಎಲ್ಲವನ್ನೂ ಒಪ್ಪಿಸಿದ ಮೇಲೆಯೇ ಕುಣಿತ. ಮುಂದೆ ಕಂಪನಿಗಳವರು ಹಾಡಿನ ಪುಸ್ತಕ ಮಾರಲು ತೊಡಗಿದಾಗ ಮೊದಲ ಪುಟದಲ್ಲೇ ಕಥಾಸಾರಾಂಶ ಅಚ್ಚು ಹಾಕಿಸಿದರು. ಯಾರೂ ಅದನ್ನು ಓದಿ ಮನೆಗೆ ಮರಳಲಿಲ್ಲ, ಇನ್ನೊಂದು ಟಿಕೆಟ್ ಕೊಂಡರು.

ತಮಾಷೆಯೆಂದರೆ, ಈ ಜರ್ಮನ್ ನಾಟಕಕಾರನದೂ ಇದೇ ಬುದ್ಧಿ. ದೃಶ್ಯ ಶುರುವಾಗುವ ಮೊದಲೇ ಅದರಲ್ಲಿ ಏನಾಗುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಬೇಕು ಎಂದು ಹಟ ಹಿಡಿದವನು ಬ್ರೆಕ್ಟ್. ಮುಂದೇನು ಎಂಬ ಆತಂಕ ಕಳೆದರೆ ಜನ ಹೇಗೆ, ಏಕೆ ಎಂದು ನೋಡುತ್ತಾರೆ ಎಂಬುದು ಅವನ ವಾದ. ಆದ್ದರಿಂದ ನಾನು ಈಗ ಕತೆಯನ್ನು ಅಂತ್ಯ ಸಮೇತ ಹೇಳಿದರೆ ಅವನ ಆತ್ಮವೇನೂ ನೋಯುವುದಿಲ್ಲ.

ಲಂಡನ್ ಪಟ್ಟಣ. ಪೀಚಮ್ ಎಂಬವನೊಬ್ಬ ಭಿಕ್ಷುಕರ ಸಾಹುಕಾರ. ಯಾವ ಬೀದಿಯಲ್ಲಿ ಯಾರು ಬೇಡಬೇಕು, ಯಾರು ಕುಂಟನಾಗಬೇಕು, ಯಾರು ಕುರುಡನಾಗಬೇಕು ಎಂದು ಗೊತ್ತುಮಾಡುವವನು ಅವನೇ. ಹರಕು ಬಟ್ಟೆ, ಮರದ ಕಾಲು ಎಲ್ಲ ಅವನ ಅಂಗಡಿಯಿಂದಲೇ. ದುಡಿಮೆಯಲ್ಲಿ ಅವನಿಗೆ ಪಾಲು. ಇವನ ಮಗಳು ಪಾಲಿ ಮನೆಯವರಿಗೆ ತಿಳಿಸದೆ ಮ್ಯಾಕ್‌ಹೀತ್ ಎಂಬ ಕಳ್ಳರ ನಾಯಕನನ್ನು ಕುದುರೆ ಲಾಯವೊಂದರಲ್ಲಿ ಮದುವೆಯಾಗುತ್ತಾಳೆ. ಮಂಚ, ಮೇಜು, ತಟ್ಟೆ, ಎಲ್ಲವೂ ಕದ್ದ ಮಾಲು. ಮದುವೆಗೆ ಬರುವ ಅತಿಥಿ ಯಾರೆಂದರೆ ಲಂಡನ್ನಿನ ಪೊಲೀಸ್ ಮುಖ್ಯಸ್ಥ ಬ್ರೌನ್. ವರನಿಗೂ ಅವನಿಗೂ ಹಳೆಯ ಸ್ನೇಹ. ಇಬ್ಬರೂ ಹಿಂದೆ ಬ್ರಿಟಿಷ್ ಸೈನ್ಯದಲ್ಲಿ, ನಮ್ಮ ಹಿಂದುಸ್ಥಾನದಲ್ಲೇ, ಸಿಪಾಯಿಗಳಾಗಿದ್ದವರು. ಆ ದಿನಗಳನ್ನು ನೆನೆದು ಕುಡಿದು ಹಾಡುತ್ತಾರೆ. ಮೂಲದ ಆ ಹಾಡಿನಲ್ಲಿ ಕೂಚ್ ಬಿಹಾರದ ಹೆಸರೂ ಬರುತ್ತದೆ. ಜನರನ್ನು ಕೊಂದ ಸಂಗತಿಯನ್ನು ಹುಡುಗಾಟದಂತೆ ಹೇಳುವ ಹಾಡು ಅದು. ಧಾರವಾಡದಲ್ಲಿ ಕುಳಿತು ಕೇಳುವಾಗ ಬರ್ಲಿನ್ನಿನವರಿಗಿಂತ ನಿಮಗೆ ಅದು ಹೆಚ್ಚು ಚುಚ್ಚಬೇಕು.

ಮಗಳು ಕೈತಪ್ಪಿದಳು ಎಂದು ಪೀಚಮ್ ಕುದಿಯುತ್ತಾನೆ. ಅಳಿಯನನ್ನು ಗಲ್ಲಿಗೇರಿಸದಿದ್ದರೆ ರಾಣಿಯ ಪಟ್ಟಾಭಿಷೇಕದ ಮೆರವಣಿಗೆಗೆ ಊರಿನ ಭಿಕ್ಷುಕರನ್ನೆಲ್ಲ ನುಗ್ಗಿಸುತ್ತೇನೆ ಎಂದು ಬ್ರೌನನನ್ನು ಬೆದರಿಸುತ್ತಾನೆ. ಮ್ಯಾಕ್‌ಹೀತ್ ಓಡಿಹೋಗಬಹುದಿತ್ತು. ಆದರೆ ವಾರದ ರೂಢಿ ಬಿಡಲಾಗದೆ ಸೂಳೆಗೇರಿಗೆ ಹೋಗುತ್ತಾನೆ. ಅಲ್ಲಿ ಅವನ ಹಳೆಯ ಗೆಳತಿ ಜೆನ್ನಿ, ಪೀಚಮ್‌ನ ಹೆಂಡತಿ ಕೊಟ್ಟ ಹಣಕ್ಕೆ ಅವನನ್ನು ಹಿಡಿದುಕೊಡುತ್ತಾಳೆ. ಜೈಲಿನಲ್ಲಿ ಇನ್ನೊಂದು ಗೋಜಲು: ಬ್ರೌನನ ಮಗಳು ಲೂಸಿಯೂ ತಾನೇ ಇವನ ಹೆಂಡತಿ ಎನ್ನುತ್ತಾಳೆ. ಸವತಿಯರಿಬ್ಬರ ಜಗಳದ ಹಾಡೊಂದಿದೆ, ನಿಮ್ಮ ಅವ್ವ ಅಲ್ಲಿ ಖಂಡಿತ ನಗುತ್ತಾರೆ. ಲೂಸಿಯ ನೆರವಿನಿಂದ ಪಾರಾಗಿ, ಮತ್ತೆ ಸಿಕ್ಕಿಬಿದ್ದು, ಕಡೆಗೆ ಗಲ್ಲಿನ ಮುಂದೆ ನಿಲ್ಲುತ್ತಾನೆ. ಆಗ ಕುದುರೆಯೇರಿ ರಾಜದೂತ ಬರುತ್ತಾನೆ. ಪಟ್ಟಾಭಿಷೇಕದ ಸಂತೋಷಕ್ಕೆ ರಾಣಿ ಕಳ್ಳನನ್ನು ಕ್ಷಮಿಸಿದ್ದಾಳೆ. ಕ್ಷಮೆಯಷ್ಟೇ ಅಲ್ಲ, ವಂಶಪಾರಂಪರ್ಯ ಪದವಿ, ಒಂದು ಕೋಟೆಮನೆ, ವರ್ಷಕ್ಕೆ 10,000 ಪೌಂಡ್ ಪಿಂಚಣಿ.

ಇಷ್ಟೇ ಕತೆ. ಅಂತ್ಯ ನಂಬುವ ಹಾಗಿಲ್ಲ ಎನ್ನಿಸಿತೇ? ನಂಬಬಾರದೆಂದೇ ಹಾಗೆ ಬರೆದಿದ್ದಾನೆ. ನಮ್ಮ ಪೌರಾಣಿಕ ನಾಟಕಗಳ ಕೊನೆಯಲ್ಲಿ ಶಿವ ಪ್ರತ್ಯಕ್ಷನಾಗಿ ಸತ್ತವರನ್ನು ಎಬ್ಬಿಸುತ್ತಾನಲ್ಲ, ಅಂಥದ್ದೇ ಪ್ರತ್ಯಕ್ಷ ಇದು. ಇಲ್ಲಿ ಎದ್ದು ಕೂರುವವನು ಸತ್ಯವಂತನಲ್ಲ, ಕಳ್ಳ. ಬಡವರ ಪಾಲಿಗೆ ಇಂಥ ಕುದುರೆ ಬರುವುದೇ ಅಪರೂಪ ಎಂಬ ಮಾತು ಅದರ ಬೆನ್ನಿಗೇ ಬರುತ್ತದೆ. ಕೊನೆಯ ಗದ್ದಲದಲ್ಲಿ ಅದನ್ನು ಕಳೆದುಕೊಳ್ಳಬೇಡಿ.

ಈ ಕತೆಯನ್ನು ಅವ್ವನಿಗೂ ಮಗನಿಗೂ ಊಟದ ಹೊತ್ತಿನಲ್ಲಿ ಹೇಳಿಬಿಡಿ. ಓದಿ ಹೇಳುವುದು ಬೇಡ, ಬಾಯಿಂದ ಹೇಳಿ. ಹೆಸರುಗಳು ನಾಲಿಗೆಗೆ ತೊಡಕಾದರೆ ಭಿಕ್ಷುಕರ ಸಾಹುಕಾರ, ಅವನ ಮಗಳು, ಕಳ್ಳ, ಫೌಜದಾರ ಎಂದರೆ ಸಾಕು. ತಂಡದವರು ಊರು, ಹೆಸರು ಎಲ್ಲ ಬದಲಿಸಿ ನಮ್ಮ ಪೇಟೆಯ ಕತೆಯನ್ನಾಗಿ ಮಾಡಿರಲೂಬಹುದು. ಮರಾಠಿಯಲ್ಲಿ ಪು.ಲ. ದೇಶಪಾಂಡೆಯವರು ಹಾಗೆಯೇ ಮಾಡಿದರು, 1978ರಲ್ಲಿ ಅದು ಪುಣೆಯವರ ‘ತಮಾಶಾ’ ಆಯಿತು. ಅಸ್ಥಿಪಂಜರ ಗೊತ್ತಿದ್ದರೆ ಮೇಲಿನ ಬಟ್ಟೆ ಯಾವುದಾದರೇನು.

ಇನ್ನು ಹಾಡುಗಳನ್ನು ಏಕೆ ಕೇಳಬಾರದು? ಇದಕ್ಕೆ ನನ್ನದೇ ಒಂದು ಪೆಟ್ಟಿನ ಕತೆಯಿದೆ. ಹರೆಯದಲ್ಲಿ ಪುಣೆಗೆ ಹೋಗಿ ಒಂದು ಮರಾಠಿ ಸಂಗೀತ ನಾಟಕ ನೋಡುವ ಅವಕಾಶ ಸಿಕ್ಕಿತು. ಭಾಷೆ ಅಷ್ಟಕ್ಕಷ್ಟೇ ಬರುತ್ತಿತ್ತು. ಹಾಡುಗಳಾದರೂ ಪರಿಚಯವಿರಲಿ ಎಂದು ಗೆಳೆಯನಿಂದ ಕ್ಯಾಸೆಟ್ ತಂದು ತಿಂಗಳುಗಟ್ಟಲೆ ಕೇಳಿದೆ. ಪೇಟಿಯ ಮೇಲೆ ಹರಕತ್ತು, ಮುರ್ಕಿಯಂಥ ಸ್ವರದ ಕುಸುರಿ ಸಮೇತ ತೆಗೆದೆ. ಕಡೆಗೆ ನಾಟಕಕ್ಕೆ ಹೋದೆ. ನಟ ಹಾಡಲು ಬಾಯಿ ತೆರೆದದ್ದೇ ತಡ, ನನ್ನ ತಲೆಯೊಳಗೆ ಕ್ಯಾಸೆಟ್ ತಿರುಗಲು ತೊಡಗಿತು. ಇಲ್ಲಿ ತಾನ್ ಗಿಡ್ಡವಾಯಿತು, ಅಲ್ಲಿ ಷಡ್ಜ ನಿಲ್ಲಲಿಲ್ಲ, ಲಯ ಎಳೆದ ಎಂದು ಮೂರು ತಾಸೂ ಲೆಕ್ಕ ಬರೆದೆ. ಪಕ್ಕದಲ್ಲಿದ್ದ ಮುದುಕರೊಬ್ಬರು ಮಡಿಲಿಗೆ ಕಣ್ಣೀರು ಸುರಿಸುತ್ತ ಕುಳಿತಿದ್ದರು. ನಾನು ಏನನ್ನೂ ನೋಡಲಿಲ್ಲ. ಕ್ಯಾಸೆಟ್ ಹಾಡಿದವನು ಮುಚ್ಚಿದ ಕೋಣೆಯಲ್ಲಿ, ಕುಳಿತು, ನಾಲ್ಕು ಸಲ ತಿದ್ದಿ ಹಾಡಿದವನು. ನನ್ನೆದುರಿಗಿದ್ದವನು ಭಾರದ ಕಿರೀಟ ಹೊತ್ತು, ಆಗತಾನೇ ಮಗನನ್ನು ಕಳೆದುಕೊಂಡ ತಂದೆಯಾಗಿ ಹಾಡುತ್ತಿದ್ದ. ಅವನ ಷಡ್ಜ ನಡುಗಿದ್ದು ತಪ್ಪಲ್ಲ ಎಂದು ಹೊಳೆಯಲು ನನಗೆ ಹತ್ತು ವರ್ಷ ಬೇಕಾಯಿತು.

ಯೂಟ್ಯೂಬ್ ಆ ಕ್ಯಾಸೆಟ್ಟಿನ ಅಪ್ಪ. ಈ ನಾಟಕದ ಮೊದಲ ಹಾಡನ್ನು ಅಮೆರಿಕದ ದೊಡ್ಡ ದೊಡ್ಡ ಗಾಯಕರು ಹೋಟೆಲಿನ ಹಾಡಿನಂತೆ ನಯವಾಗಿ ಹಾಡಿಬಿಟ್ಟಿದ್ದಾರೆ. ಅದನ್ನು ಕೇಳಿ ಹೋದರೆ ನಮ್ಮ ಧಾರವಾಡದ ಹುಡುಗ ಒರಟು ದನಿಯಲ್ಲಿ ಹಾಡುವಾಗ ನಿಮಗೆ ಕೊರತೆ ಕಾಣುತ್ತದೆ. ಆದರೆ ಆ ಹಾಡು ಹುಟ್ಟಿದ್ದೇ ಒರಟು ದನಿಗೆ.

ಆ ಹಾಡಿನ ಬಗ್ಗೆ ನಾಲ್ಕು ಮಾತು ಹೆಚ್ಚೇ ಹೇಳುತ್ತೇನೆ, ಏಕೆಂದರೆ ಅದು ಕೈಗೆ ಸಿಕ್ಕರೆ ಇಡೀ ನಾಟಕ ಕೈಗೆ ಸಿಗುತ್ತದೆ. ಜರ್ಮನಿಯ ಜಾತ್ರೆಗಳಲ್ಲಿ ಹಿಂದೆ ಒಂದು ಪದ್ಧತಿಯಿತ್ತು. ಒಬ್ಬ ಹಾಡುಗಾರ ಎಲ್ಲೋ ನಡೆದ ಕೊಲೆಯ ಚಿತ್ರಗಳಿದ್ದ ಹಲಗೆ ನಿಲ್ಲಿಸಿ, ಕೋಲಿನಿಂದ ಒಂದೊಂದೇ ಚಿತ್ರ ತೋರಿಸುತ್ತ, ಕೈಪೆಟ್ಟಿಗೆಯ ವಾದ್ಯ ತಿರುವುತ್ತ ಆ ಕೊಲೆಯ ಪದ ಹಾಡುತ್ತಿದ್ದ. ನಾಟಕದ ಮೊದಲ ಹಾಡು ಅದೇ ಜಾತಿಯದು. ಮ್ಯಾಕ್‌ಹೀತ್ ಯಾರನ್ನು ಇರಿದ, ಯಾವ ಮನೆಗೆ ಬೆಂಕಿಯಿಟ್ಟ ಎಂದು ಪಟ್ಟಿ ಹೇಳುತ್ತ ಹೋಗುತ್ತದೆ. ಮಟ್ಟು ಮಾತ್ರ ಮಗುವನ್ನು ಮಲಗಿಸುವಷ್ಟು ಸರಳ. ನಮ್ಮ ಬೈಲಹೊಂಗಲ ಸೀಮೆಯಲ್ಲಿ ಕೊಲೆಯೊಂದರ ಕತೆ ಪದವಾಗಿ, ಪದ ಸಣ್ಣಾಟವಾಗಿ ‘ಸಂಗ್ಯಾ ಬಾಳ್ಯಾ’ ಆಗಿ ಊರೂರು ತಿರುಗಲಿಲ್ಲವೇ? ಗೆಳೆತನ, ಹಾದರ, ಹಣ, ಮೋಸ, ಕೊಲೆ ಎಲ್ಲ ಅದರಲ್ಲೂ ಇವೆ. ಅವ್ವನಿಗೆ ‘ಇದು ಲಂಡನ್ನಿನ ಸಂಗ್ಯಾ ಬಾಳ್ಯಾ’ ಎಂದು ಒಂದು ಮಾತು ಹೇಳಿ ನೋಡಿ. ಪಂಡಿತರು ನನ್ನ ಮೇಲೆ ಸಿಟ್ಟಾಗಲಿ, ಅವ್ವನಿಗೆ ಬಾಗಿಲು ತೆರೆಯುತ್ತದೆ.

ಅಂದ ಹಾಗೆ ಆ ಹಾಡು ಕೊನೆಯ ಗಳಿಗೆಯಲ್ಲಿ ಸೇರಿದ್ದು. ಮೊದಲ ಪ್ರದರ್ಶನ ಹತ್ತಿರ ಬಂದಾಗ ಕಳ್ಳನ ಪಾತ್ರಧಾರಿ ತನ್ನ ಪ್ರವೇಶಕ್ಕೆ ಮೆರುಗು ಸಾಲದೆಂದು ತಗಾದೆ ತೆಗೆದ. ಅವನ ಬಾಯಿ ಮುಚ್ಚಿಸಲು ಬ್ರೆಕ್ಟ್ ಸಾಲುಗಳನ್ನು ಬರೆದ, ನಾಟಕದ ಸಂಗೀತಗಾರ ಕುರ್ಟ್ ವೈಲ್ ಸ್ವರ ಹಾಕಿದ. ಆಮೇಲೆ ಅದನ್ನು ಆ ನಟನಿಗೆ ಕೊಡದೆ ಬೀದಿ ಹಾಡುಗಾರನ ಬಾಯಿಗೆ ಹಾಕಿದರು. ಕಂಪನಿಯಲ್ಲಿ ದುಡಿದವರಿಗೆ ಇದು ಹೊಸ ಸುದ್ದಿಯಲ್ಲ. ಎಂಟ್ರಿಗೆ ಹಾಡು ಬೇಕೆಂದು ಜಗಳವಾಡದ ನಾಯಕನಟನನ್ನು ನಾನು ಕಂಡಿಲ್ಲ.

ನಾಟಕ ಬರ್ಲಿನ್ನಿನಲ್ಲಿ ರಂಗಕ್ಕೆ ಬಂದದ್ದು 1928ರ ಆಗಸ್ಟ್ 31ರಂದು. ಅದಕ್ಕೆ ಸರಿಯಾಗಿ ಇನ್ನೂರು ವರ್ಷ ಹಿಂದೆ, 1728ರಲ್ಲಿ, ಲಂಡನ್ನಿನಲ್ಲಿ ಜಾನ್ ಗೇ ಬರೆದ ಭಿಕ್ಷುಕರ ಸಂಗೀತ ನಾಟಕವೇ ಇದರ ತಾಯಿಬೇರು. ಆ ಕಾಲದಲ್ಲಿ ಅಲ್ಲಿನ ಶ್ರೀಮಂತರಿಗೆ ಇಟಲಿಯ ಒಪೆರಾದ ಹುಚ್ಚು. ಗೇ ಏನು ಮಾಡಿದನೆಂದರೆ, ಬೀದಿಯಲ್ಲಿ ಜನರ ಬಾಯಲ್ಲಿದ್ದ ಮಟ್ಟುಗಳನ್ನೇ ಎತ್ತಿಕೊಂಡು ಹೊಸ ಮಾತು ಕೂರಿಸಿದ. ಇದು ನಮ್ಮವರ ಕಸುಬೂ ಹೌದು. ಹಳೆಯ ನಾಟಕದ ಪುಸ್ತಕಗಳಲ್ಲಿ ಪದದ ನೆತ್ತಿಯ ಮೇಲೆ ರಾಗ, ತಾಳ, ಅದರ ಜೊತೆಗೆ ‘ಇಂಥ ಪದದ ಧಾಟಿ’ ಎಂದು ಅಚ್ಚಾಗಿರುತ್ತದೆ. ಮರಾಠಿ ಪದದ ಧಾಟಿ, ಪಾರ್ಸಿ ಕಂಪನಿಯ ಧಾಟಿ, ಆಮೇಲೆ ಸಿನಿಮಾ ಧಾಟಿ. ಮಟ್ಟು ಗೊತ್ತಿದ್ದರೆ ಕೇಳುಗನ ಗಮನ ಮಾತಿನ ಮೇಲೆ ಹೋಗುತ್ತದೆ ಎಂಬ ಗುಟ್ಟು ಗೇ ಬಲ್ಲವನಾಗಿದ್ದ, ಗದುಗಿನ ಪೇಟಿ ಮಾಸ್ತರರೂ ಬಲ್ಲವರಾಗಿದ್ದರು. ಬ್ರೆಕ್ಟ್‌ನ ಕಾಲಕ್ಕೆ ಸ್ವರಗಳು ಹೊಸದಾದವು, ಆದರೆ ಬರ್ಲಿನ್ನಿನ ಕುಣಿತದ ಮನೆಗಳಲ್ಲಿ ನುಡಿಯುತ್ತಿದ್ದ ಸಂಗೀತದ ವಾಸನೆಯನ್ನೇ ವೈಲ್ ಉಳಿಸಿಕೊಂಡ. ಮೇಳದಲ್ಲಿ ಇದ್ದವರು ಏಳೇ ಜನ. ಒಬ್ಬೊಬ್ಬರು ಎರಡು ಮೂರು ವಾದ್ಯ ಎತ್ತಿಕೊಳ್ಳುತ್ತಿದ್ದರು.

ಈಗ ಕೇಳುವ ಬಗೆ. ಸಣ್ಣಾಟದಲ್ಲಿ ಪಾತ್ರಧಾರಿ ಪದ ಹಾಡುತ್ತಾನೆ, ಹಿಮ್ಮೇಳದವರು ಕೊನೆಯ ಸಾಲು ಎತ್ತಿಕೊಂಡು ಎಳೆಯುತ್ತಾರೆ, ಆಮೇಲೆ ಅದೇ ಪದದ ಅರ್ಥವನ್ನು ಪಾತ್ರಧಾರಿ ಮಾತಿನಲ್ಲಿ ಹೇಳುತ್ತಾನೆ. ಶ್ರೀಕೃಷ್ಣ ಪಾರಿಜಾತದಲ್ಲಿ ಭಾಗವತ ಸತ್ಯಭಾಮೆಯನ್ನು ಅಡ್ಡ ಪ್ರಶ್ನೆ ಕೇಳಿ ಕೇಳಿ ಅರ್ಥ ಹೊರಡಿಸುತ್ತಾನೆ. ಹಾಡಿನ ಮಾತು ತಪ್ಪಿದರೂ ಚಿಂತೆಯಿಲ್ಲ, ಹಿಂದೆಯೇ ಗದ್ಯ ಬರುತ್ತದೆ. ಭಾನುವಾರ ನೀವು ನೋಡುವ ನಾಟಕದಲ್ಲಿ ಈ ಸವಲತ್ತು ಇಲ್ಲ. ಹಾಡಿನ ಅರ್ಥವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಮೇಲಾಗಿ ಇಲ್ಲಿ ಹಾಡಿಗೂ ಕತೆಗೂ ಜಗಳ. ಇಂಪಾದ ಮಟ್ಟು ಬಂದಾಗಲೆಲ್ಲ ಕಿವಿ ನೆಟ್ಟಗೆ ಮಾಡಿ, ಒಳಗೆ ಯಾವುದೋ ಕೆಟ್ಟ ಮಾತು ಅವಿತಿರುತ್ತದೆ. ಮ್ಯಾಕ್‌ಹೀತ್ ಮತ್ತು ಜೆನ್ನಿ ಹಿಂದೆ ಕೂಡಿ ಕಳೆದ ದಿನಗಳನ್ನು ನೆನೆದು ಹಾಡುವ ಯುಗಳ ಗೀತೆಯಿದೆ. ಕಣ್ಣು ಮುಚ್ಚಿ ಕೇಳಿದರೆ ಪ್ರೇಮಗೀತೆ. ಕಣ್ಣು ತೆರೆದರೆ ಅವಳು ಅವನನ್ನು ಪೊಲೀಸರಿಗೆ ಒಪ್ಪಿಸುತ್ತಿರುತ್ತಾಳೆ.

ಮೂಲದ ರಂಗಸೂಚನೆಯಲ್ಲಿ ಹಾಡು ಬಂದಾಗ ಬೆಳಕು ಬದಲಾಗಿ ಹೊಂಬಣ್ಣಕ್ಕೆ ತಿರುಗಬೇಕು, ವಾದ್ಯದ ಮೇಲೆ ಬೆಳಕು ಬೀಳಬೇಕು, ಹಾಡಿನ ಹೆಸರು ಹಲಗೆಯ ಮೇಲೆ ಕಾಣಬೇಕು ಎಂದಿದೆ. ಅಂದರೆ ಕತೆ ಅಲ್ಲಿಗೆ ನಿಂತಿತು, ಈಗ ಹಾಡು ಎಂದು ಡಂಗುರ ಹೊಡೆದ ಹಾಗೆ. ನಟ ಪಾತ್ರವನ್ನು ಪಕ್ಕಕ್ಕಿಟ್ಟು ನಿಮ್ಮ ಕಡೆ ತಿರುಗುತ್ತಾನೆ. ಪಾಲಿ ತನ್ನ ಮದುವೆಯ ರಾತ್ರಿ ಕಳ್ಳರ ಮುಂದೆ ಹಾಡುವುದನ್ನು ಗಮನಿಸಿ. ಎಂಜಲು ಲೋಟ ತೊಳೆಯುವ ಬಡ ಹುಡುಗಿಯೊಬ್ಬಳು, ಎಂಟು ಹಾಯಿ, ಐವತ್ತು ಫಿರಂಗಿಗಳ ಹಡಗೊಂದು ಬಂದು ತನ್ನನ್ನು ಹೀಗಳೆದ ಊರನ್ನೇ ನೆಲಸಮ ಮಾಡಿ ತನ್ನನ್ನು ಕರೆದೊಯ್ಯುತ್ತದೆ ಎಂದು ಕಲ್ಪಿಸಿಕೊಳ್ಳುವ ಹಾಡು ಅದು. (ಕೆಲವು ತಂಡಗಳು ಇದನ್ನು ಜೆನ್ನಿಗೆ ಕೊಡುತ್ತವೆ.) ಮದುವೆಗೂ ಆ ಹಡಗಿಗೂ ಏನು ಸಂಬಂಧ ಎಂದು ಹುಡುಕಬೇಡಿ. ಕತೆಯ ದೃಷ್ಟಿಯಿಂದ ಏನೂ ಇಲ್ಲ. ಆದರೆ ಇಷ್ಟು ಮೆದುವಾಗಿ ಕಾಣುವ ಈ ಹುಡುಗಿಯೊಳಗೆ ಎಂಥ ಬೆಂಕಿಯಿದೆ ಎಂಬುದು ಆ ಹಾಡು ಬರದಿದ್ದರೆ ನಮಗೆ ತಿಳಿಯುತ್ತಲೇ ಇರಲಿಲ್ಲ. ಇಡೀ ನಾಟಕದಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ.

ಎಲ್ಲ ಸಂಗೀತ ನಾಟಕಗಳೂ ಹೀಗಿರುವುದಿಲ್ಲ. ಅಮೆರಿಕದಲ್ಲಿ 1940ರ ದಶಕದಿಂದ ಬಲಿತ ಮಾದರಿಯಲ್ಲಿ ಹಾಡೇ ಕತೆಯನ್ನು ಹೊತ್ತು ಮುಂದೆ ನಡೆಯುತ್ತದೆ. ಅಂಥದನ್ನು ನೋಡುವ ದಿನ ಬಂದರೆ ಬೇರೆ ಕಿವಿ ಬೇಕು, ಆಗ ಬರೆಯಿರಿ.

ಸಂಗೀತದ ಕಡೆಯಿಂದ ಎರಡು ತೊಡಕು ಬರಬಹುದು. ಒಂದು ಸಾಹಿತ್ಯದ್ದು. ಪರದೇಶದ ಮಟ್ಟಿಗೆ ಕನ್ನಡ ಮಾತು ಕೂರಿಸುವಾಗ ಹ್ರಸ್ವದ ಮೇಲೆ ಸ್ವರ ನಿಂತುಬಿಡುತ್ತದೆ. ‘ಬಳೆ’ ಎಂದು ಬರೆದದ್ದು ಹಾಡಿದಾಗ ‘ಬಾಳೆ’ಯಾಗುತ್ತದೆ, ‘ಕಡು’ ಎಂದದ್ದು ‘ಕಾಡು’ ಆಗುತ್ತದೆ. ಇದು ಅನುವಾದಕರ ಸೋಮಾರಿತನ ಎಂದು ನಾನು ಮುಲಾಜಿಲ್ಲದೆ ಹೇಳುತ್ತೇನೆ. ಶರೀಫರ ಪದಗಳನ್ನು ಶಿಶುನಾಳದ ಕಡೆಯ ಹಳ್ಳಿಯವರ ಬಾಯಲ್ಲಿ ಕೇಳಿ, ದೀರ್ಘ ಎಲ್ಲಿದೆಯೋ ಅಲ್ಲಿಯೇ ಎಳೆಯುತ್ತಾರೆ, ಒಂದಕ್ಷರ ಮಾಸುವುದಿಲ್ಲ. ಒಂದು ಸಾಲು ತಪ್ಪಿತೆಂದು ಅದರ ಹಿಂದೆ ಬೀಳಬೇಡಿ, ಪಲ್ಲವಿಗಾಗಿ ಕಾಯಿರಿ. ಪಲ್ಲವಿ ಮರಳಿ ಮರಳಿ ಬರುತ್ತದೆ, ಅದು ಕೈಗೆ ಹತ್ತಿದರೆ ಹಾಡಿನ ಮುಕ್ಕಾಲು ಪಾಲು ಸಿಕ್ಕ ಹಾಗೆ.

ಇನ್ನೊಂದು ಸ್ವರದ್ದು. ತಂಡದವರು ವೈಲ್‌ನ ಸ್ವರಗಳನ್ನೇ ಇಟ್ಟುಕೊಂಡಿದ್ದರೆ ನಿಮ್ಮ ಅವ್ವ ಹತ್ತು ನಿಮಿಷಕ್ಕೆ ನಿಮ್ಮ ಕಿವಿಯಲ್ಲಿ ‘ಹಾಡುವವರು ಒಂದು ಕಡೆ, ವಾದ್ಯ ಒಂದು ಕಡೆ’ ಎನ್ನುತ್ತಾರೆ. ಅವರ ಕಿವಿ ಸರಿಯಾಗಿಯೇ ಇದೆ. ನಮ್ಮಲ್ಲಿ ಪೇಟಿ ಹಾಡುಗಾರನ ಬೆನ್ನ ಹಿಂದೆಯೇ ನಡೆಯುತ್ತದೆ, ಅವನು ಗಂಧಾರಕ್ಕೆ ಹೋದರೆ ಅದೂ ಗಂಧಾರಕ್ಕೆ. ಅವರಲ್ಲಿ ಹಲವು ಸ್ವರಗಳು ಒಟ್ಟಿಗೆ ನುಡಿದು ಹಾಡಿಗೆ ನೆಲ ಹಾಸುತ್ತವೆ, ವೈಲ್ ಆ ನೆಲವನ್ನು ಬೇಕೆಂದೇ ಒಂದಿಷ್ಟು ಓರೆಯಾಗಿ ಹಾಸಿದ್ದಾನೆ. ಕಲ್ಲು ಸಿಕ್ಕ ಅಕ್ಕಿಯಂತೆ ಮೊದಮೊದಲು ಹಲ್ಲಿಗೆ ತಾಕುತ್ತದೆ. ಅದರ ಬದಲು ನಿರ್ದೇಶಕರು ನಮ್ಮ ರಾಗಗಳಲ್ಲೋ ಜನಪದ ಮಟ್ಟುಗಳಲ್ಲೋ ಹೊಸದಾಗಿ ಕಟ್ಟಿಸಿದ್ದರೆ ಆ ಮಾತೇ ಇಲ್ಲ. ಒಳಗೆ ಹೋದ ಕೂಡಲೇ ಮೇಳದವರ ಕಡೆ ಕಣ್ಣು ಹಾಯಿಸಿ. ಕೀಬೋರ್ಡ್, ಗಿಟಾರ್ ಕಂಡರೆ ಅವ್ವನಿಗೆ ಮೊದಲೇ ಸೂಚನೆ ಕೊಡಿ. ಪೇಟಿ, ತಬಲಾ, ದಪ್ಪು ಕಂಡರೆ ಸುಮ್ಮನೆ ಕುಳಿತುಕೊಳ್ಳಿ, ಅವರೇ ನಿಮಗೆ ಹೇಳಿಕೊಡುತ್ತಾರೆ.

ಅವ್ವನ ಬಗ್ಗೆ ನಿಮಗೆ ಚಿಂತೆ. ನನಗೆ ಚಿಂತೆ ಇರುವುದು ನಿಮ್ಮ ಬಗ್ಗೆ. ಗದುಗಿನ ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ಆಶ್ರಮದ ನಾಟಕಗಳು, ಏಣಗಿ ಬಾಳಪ್ಪನವರ ಕಲಾವೈಭವ ನಾಟ್ಯ ಸಂಘದ ನಾಟಕಗಳು ತಿರುಗಾಡಿದ ಸೀಮೆಯಲ್ಲಿ ಬೆಳೆದವರು ಅವರು. ಮಾತಿನ ನಡುವೆ ಪಾತ್ರ ಥಟ್ಟನೆ ಹಾಡಲು ನಿಂತರೆ ಅವರಿಗೆ ವಿಚಿತ್ರವೆನ್ನಿಸುವುದಿಲ್ಲ. ಪರದೆಯ ಮುಂದೆ ಹಾಸ್ಯದವರು ಬಂದು ಪ್ರೇಕ್ಷಕರ ಜೊತೆಗೇ ಮಾತನಾಡಿ, ಹಿಂದೆ ದರ್ಬಾರ್ ಸೀನು ಸಿದ್ಧವಾಗುವವರೆಗೆ ಹೊತ್ತು ಕಳೆಯುವುದನ್ನು ನೂರು ಸಲ ಕಂಡವರು. ನಾಟಕ ನಾಟಕವೇ, ನಿಜವೆಂದು ನಂಬಿಸಬೇಕಿಲ್ಲ ಎಂದು ಬ್ರೆಕ್ಟ್ ಪುಟಗಟ್ಟಲೆ ವಾದಿಸಿದ್ದನ್ನು ಅವರು ನೆಲದ ಟಿಕೆಟ್ಟಿನಲ್ಲೇ ಕಲಿತಿದ್ದಾರೆ. ಸಿನಿಮಾ, ಧಾರಾವಾಹಿ ನೋಡಿ ಬೆಳೆದ ನಾವೇ ‘ಇದೇನು, ಸಾಯುವ ಮುಂಚೆ ಹಾಡುತ್ತಾನೆ’ ಎಂದು ಹುಬ್ಬು ಗಂಟಿಕ್ಕುವವರು.

ಸೂಳೆಗೇರಿ, ಒರಟು ಮಾತು ಇವುಗಳಿಗೆ ಅವ್ವ ಮುಜುಗರಪಡುತ್ತಾರೆಯೇ ಎಂಬ ಅನುಮಾನ ನಿಮ್ಮ ಪತ್ರದ ಸಾಲುಗಳ ನಡುವೆ ಕಾಣಿಸಿತು. ಕಂಪನಿಯ ಹಾಸ್ಯದ ದೃಶ್ಯಗಳಲ್ಲಿ ಎಂಥ ಎರಡರ್ಥದ ಮಾತುಗಳಿರುತ್ತಿದ್ದವು ಎಂದು ಅವರನ್ನೇ ಕೇಳಿ. ಹೇಳುವುದಿಲ್ಲ, ನಗುತ್ತಾರೆ. ಮಗನ ವಿಷಯದಲ್ಲಿ ನೀವೇ ತೀರ್ಮಾನಿಸಬೇಕು. ಹದಿನಾಲ್ಕು ಹದಿನೈದರ ಹುಡುಗರಿಗೆ ಇದರಲ್ಲಿ ತಿಳಿಯಬಾರದಂಥದ್ದೇನೂ ಇಲ್ಲ ಎಂಬುದು ನನ್ನ ಮತ. ಬಡತನದಲ್ಲಿ ಮೊದಲು ಹೊಟ್ಟೆ, ನೀತಿ ಆಮೇಲೆ ಎಂಬ ಮಾತು ಎರಡನೆಯ ಅಂಕದ ಕೊನೆಯಲ್ಲಿ ಹಾಡಾಗಿ ಬರುತ್ತದೆ. ಅದರ ಬಗ್ಗೆ ಅವನು ದಾರಿಯಲ್ಲಿ ವಾದ ತೆಗೆದರೆ ತೆಗೆಯಲಿ.

ಅವ್ವನಿಗೆ ಒಂದು ಮಾತ್ರ ಮೊದಲೇ ಹೇಳಿಡಿ: ‘ಒನ್ಸ್ ಮೋರ್’ ಕೂಗುವ ಹಾಗಿಲ್ಲ. ಕಂಪನಿಯಲ್ಲಿ ಅದು ಪ್ರೇಕ್ಷಕರ ಹಕ್ಕು. ಹಿಂದೊಮ್ಮೆ ಜಾತ್ರೆಯ ನಾಟಕದಲ್ಲಿ ಗಂಟಲು ಕಟ್ಟಿದ್ದ ನಾಯಕನಿಂದ ಒಂದೇ ಪದವನ್ನು ಐದು ಸಲ ಹಾಡಿಸಿದರು. ನಾಟಕ ಮುಗಿದು ಮಂಗಳ ಹಾಡುವಾಗ ಕೋಳಿ ಕೂಗುತ್ತಿತ್ತು, ನನ್ನ ಬೆರಳುಗಳು ಪೇಟಿಯ ಮೇಲೆಯೇ ನಿದ್ದೆ ಹೋಗಿದ್ದವು. ಈಗಿನ ತಂಡಗಳಲ್ಲಿ ಬೆಳಕು, ಪ್ರವೇಶ ಎಲ್ಲ ಗಡಿಯಾರದ ಲೆಕ್ಕಕ್ಕೆ ಬಿಗಿದಿರುತ್ತವೆ. ಹಾಡು ಮುಗಿದಾಗ ಚಪ್ಪಾಳೆ ತಟ್ಟಬಹುದು, ಈ ನಾಟಕದಲ್ಲಿ ಹಾಡುಗಳು ಬಿಡಿ ಬಿಡಿಯಾಗಿ ನಿಲ್ಲುವುದರಿಂದ ಅದು ರಸಭಂಗವಲ್ಲ.

ಕೂರುವ ಜಾಗದ ಬಗ್ಗೆ: ಮುಂದಿನ ಸಾಲಿನ ಆಸೆ ಬಿಡಿ. ಸ್ಪೀಕರಿನ ಬಾಯಿಗೆ ಎದುರಾಗಿ ಕುಳಿತರೆ ಸ್ವರ ಕೇಳುತ್ತದೆ, ಮಾತು ಕೇಳುವುದಿಲ್ಲ. ನಡುವಿನ ಸಾಲುಗಳಲ್ಲಿ, ಅವ್ವನಿಗೆ ಎದ್ದು ಹೋಗಿಬರಲು ಅನುಕೂಲವಾಗುವಂತೆ ಅಂಚಿನ ಕುರ್ಚಿ ಹಿಡಿಯಿರಿ. ಅರ್ಧ ತಾಸು ಮೊದಲೇ ತಲುಪಿದರೆ ಒಳ್ಳೆಯದು. ನವನಗರದಿಂದ ಚಿಗರಿ ಬಸ್ಸಿನಲ್ಲಿ ಹೋಗುವುದಾದರೆ ರಾತ್ರಿಯ ಕೊನೆಯ ಬಸ್ ಎಷ್ಟು ಹೊತ್ತಿಗೆಂದು ಇಳಿಯುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ಇಲ್ಲವಾದರೆ ಕೊನೆಯ ದೃಶ್ಯದಲ್ಲಿ ರಂಗದ ಮೇಲೆ ರಾಜದೂತನ ಕುದುರೆ ಬರುತ್ತಿರುವಾಗ ನಿಮ್ಮ ಕಣ್ಣು ಕೈಗಡಿಯಾರದ ಮೇಲಿರುತ್ತದೆ. ಸಂಜೆಯ ಊಟ ಹಗುರವಾಗಿರಲಿ, ಅವ್ವನಿಗೆ ಒಂದು ಶಾಲು ಇರಲಿ.

ನಾಟಕ ಮುಗಿದು ಹೊರಗೆ ಬಂದ ಮೇಲೆ ಹಾಡುಗಳನ್ನು ಮೊಬೈಲ್‌ನಲ್ಲಿ ಎಷ್ಟು ಬೇಕಾದರೂ ಕೇಳಿ, ಆಗ ನನ್ನ ತಕರಾರಿಲ್ಲ. ಆದರೆ ಮೊದಲು ಬಸ್ಸಿನಲ್ಲಿ ಅವ್ವ ಏನು ಗುನುಗುತ್ತಾರೆ ಎಂದು ಸುಮ್ಮನೆ ಕೇಳಿಸಿಕೊಳ್ಳಿ, ಅದು ಯಾವ ಹಾಡೆಂದು ನನಗೂ ಒಂದು ಸಾಲು ಬರೆದು ತಿಳಿಸಿ.